ಹೇರಳೆ, ಕಂಚಿ, ಗಜನಿಂಬೆಗಳ ನಂಟು ತಿಳಿಯಲು ಯಾವ ಜೀನ್ ಸೀಕ್ವೆನ್ಸ್ ಮಾಡಿಸಬೇಕು?

ಆರ್‌ಬಿಸಿಎಲ್, ಮ್ಯಾಟ್‌ಕೆ ಅನ್ನುವ ಎರಡು ಜೀನ್‌ಗಳಲ್ಲೇ ಮುಗಿಸಬಹುದಾ ಅಂತ ಕೇಳಿದ್ದೀರಿ. ಎಂಎಸ್ಸಿ ಪ್ರಾಜೆಕ್ಟಿನಲ್ಲಿ ನನ್ನದೂ ಇದೇ ಲೆಕ್ಕಾಚಾರ. 2009ರಲ್ಲಿ ಗಿಡದ ಜಾತಿ ಗುರುತಿಸುವ ಡಿಎನ್‌ಎ ಬಾರ್‌ಕೋಡ್ ಅಂತ ಶಿಫಾರಸಾದದ್ದು ಇವೆರಡೇ, ಇವನ್ನು ನಕಲಿಸಿ ತೆಗೆಯಲು ಬೇಕಾದ ಪ್ರೈಮರ್ ಲ್ಯಾಬಿನ ಫ್ರೀಜರಿನಲ್ಲೇ ಇತ್ತು. ಶಿರಸಿ ಕಡೆಯ ಹಿತ್ತಲುಗಳಿಂದ ಹೇರಳೆ, ಕಂಚಿ, ಮಾದಲದ (ಸಿಟ್ರನ್) ಎಲೆ ತಂದೆ. ಜೊತೆಗೆ ದೇವನಹಳ್ಳಿ ಚಕ್ಕೋತ, ಕೊಡಗಿನ ಕಿತ್ತಳೆ, ನರ್ಸರಿಯ ಲೆಮನ್.

ಬಂದ ವಂಶವೃಕ್ಷದಲ್ಲಿ ಲೆಮನ್ ಹೋಗಿ ಚಕ್ಕೋತದ ಮಗ್ಗುಲಲ್ಲಿ ಕೂತಿತ್ತು! ಗೈಡ್ ಐಟಿಎಸ್ ಕೂಡ ಮಾಡಿ ನೋಡು ಅಂದರು. ಅದು ಜೀವಕೋಶದ ನ್ಯೂಕ್ಲಿಯಸ್ಸಿನ ಡಿಎನ್‌ಎ ತುಣುಕು, ತಂದೆ ತಾಯಿ ಇಬ್ಬರಿಂದಲೂ ಬರುತ್ತದೆ. ಅದರಲ್ಲಿ ಲೆಮನ್ ಮಾದಲದ ಪಕ್ಕ. ಟ್ಯೂಬ್ ಅದಲುಬದಲಾಗಿರಬೇಕು ಅಂತ ಮತ್ತೆ ಡಿಎನ್‌ಎ ತೆಗೆದೆ. ಮತ್ತೆ ಅದೇ ಉತ್ತರ.

ಟ್ಯೂಬ್ ಸರಿಯಾಗೇ ಇತ್ತು. ನಾನು ಎಡವಿದ್ದು ಸೀಕ್ವೆನ್ಸ್ ತಿದ್ದುವಾಗ. ಐಟಿಎಸ್ ಗ್ರಾಫಿನಲ್ಲಿ ಕೆಲವು ಕಡೆ ಒಂದೇ ಜಾಗದಲ್ಲಿ ಎರಡು ಪೀಕ್ ಇದ್ದವು, ಡಿಎನ್‌ಎ ಅಕ್ಷರ ಒಂದು ಸಿ, ಇನ್ನೊಂದು ಟಿ. ಎತ್ತರದ್ದನ್ನು ಉಳಿಸಿಕೊಂಡು ಗಿಡ್ಡದ್ದನ್ನು ಕಸ ಅಂತ ಬಿಟ್ಟೆ. ಸೀನಿಯರ್‌ಗಳೂ ಹಾಗೇ ಮಾಡುತ್ತಿದ್ದರು. ಆದರೆ ಕಸವಾಗಿದ್ದರೆ ಎಲ್ಲೆಂದರಲ್ಲಿ ಬರಬೇಕು, ಅಲ್ವಾ? ನನ್ನ ಜೋಡಿ ಪೀಕ್‌ಗಳು ಮಾದಲಕ್ಕೂ ಉಳಿದವಕ್ಕೂ ವ್ಯತ್ಯಾಸ ಇರುವ ಜಾಗಗಳಲ್ಲೇ ಇದ್ದವು. ಫಾರ್ವರ್ಡ್, ರಿವರ್ಸ್ ಅಂತ ಎರಡು ದಿಕ್ಕಿನಿಂದ ಓದಿದಾಗಲೂ ಅಲ್ಲಲ್ಲೇ. ಅಂದರೆ ಅದು ತಂದೆಯ ಪ್ರತಿ, ತಾಯಿಯ ಪ್ರತಿ ಎರಡೂ ಒಟ್ಟಿಗೆ ಕಾಣುತ್ತಿದ್ದದ್ದು. ಅದರಲ್ಲಿ ಒಂದನ್ನು ನಾನೇ ಅಳಿಸಿ, ಆಮೇಲೆ ಸಂಬಂಧ ಹುಡುಕುತ್ತಾ ಕೂತಿದ್ದೆ. ವೈವಾದಲ್ಲಿ ಪರೀಕ್ಷಕರು ಕಚ್ಚಾ ಗ್ರಾಫ್ ತೆರೆಸಿ ನೋಡಿದರು, ಕೂಡಲೇ ಹಿಡಿದರು. ಒಂದು ಸೆಮಿಸ್ಟರ್ ಹೋಯಿತು.

ಲೆಮನ್ನಿನ ತಾಯಿ ಹುಳಿ ಕಿತ್ತಳೆ, ತಂದೆ ಮಾದಲ. ಆ ಹುಳಿ ಕಿತ್ತಳೆಗೆ ತಾಯಿ ಚಕ್ಕೋತ, ತಂದೆ ಮ್ಯಾಂಡರಿನ್ (ಸಿಪ್ಪೆ ಸಡಿಲವಾಗಿರುವ ಕಿತ್ತಳೆ ಜಾತಿ). ಎಲೆಯ ಹಸಿರು ಕಣ, ಅಂದರೆ ಕ್ಲೋರೋಪ್ಲಾಸ್ಟ್, ಬರುವುದು ತಾಯಿ ಕಡೆಯಿಂದ. ನಿಮ್ಮ ಆರ್‌ಬಿಸಿಎಲ್, ಮ್ಯಾಟ್‌ಕೆ ಎರಡೂ ಕ್ಲೋರೋಪ್ಲಾಸ್ಟಿನವೇ, ಹಾಗಾಗಿ ಲೆಮನ್ನಿನಲ್ಲಿ ಅವಕ್ಕೆ ಕಾಣುವುದು ಅಜ್ಜಿ ಮಾತ್ರ. ಮಾದಲ ಈ ಮಿಶ್ರತಳಿಗಳಲ್ಲಿ ಯಾವಾಗಲೂ ತಂದೆಯೇ, ಅದು ಆ ಜೀನ್‌ಗಳಲ್ಲಿ ಪತ್ತೆಯೇ ಇರುವುದಿಲ್ಲ. ಚಿತ್ರಾನ್ನಕ್ಕೆ ಹಿಂಡುವ ನಮ್ಮ ನಿಂಬೆಗೂ ತಂದೆ ಮಾದಲ. ತಾಯಿ ಫಿಲಿಪ್ಪೀನ್ಸ್ ಕಡೆಯ ಮೈಕ್ರಾಂತ ಅನ್ನುವ ಕಾಡು ಸಿಟ್ರಸ್.

ಆದ್ದರಿಂದ ಯಾವ ಜೀನ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಈ ಗುಂಪಿಗೆ ಕವಲೊಡೆಯುವ ವಂಶವೃಕ್ಷ ಬರೆಯುವುದೇ ತಪ್ಪು, ಇಲ್ಲಿರುವುದು ಬಲೆ. 2018ರಲ್ಲಿ 60 ಸಿಟ್ರಸ್ ಗಿಡಗಳ ಪೂರ್ತಿ ಜೀನೋಮ್ ಹೋಲಿಸಿ ನೋಡಿದ ಮೇಲೆ ಈ ಗೋಜಲು ಎಷ್ಟೋ ಬಿಡಿಸಿಕೊಂಡಿತು. ನೀವೂ ಪೂರ್ತಿ ಜೀನೋಮನ್ನೇ ಓದಿಸಿ. ಸಿಟ್ರಸ್ ಜೀನೋಮ್ ಚಿಕ್ಕದು, ಈಗ ಅಷ್ಟು ದುಬಾರಿಯೂ ಅಲ್ಲ. ದುಡ್ಡು ಸಾಲದಿದ್ದರೆ ಗಿಡಗಳನ್ನು ಕಡಿಮೆ ಮಾಡಿ. ಐಟಿಎಸ್ ಕ್ಲೋನ್ ಮಾಡಿ ಎರಡೂ ಪ್ರತಿಗಳನ್ನು ಬೇರೆ ಬೇರೆ ಓದಿಸಿ. ಶುದ್ಧ ಮಾದಲ, ಚಕ್ಕೋತ, ಮ್ಯಾಂಡರಿನ್ ಮೂರೂ ಹೋಲಿಕೆಗೆ ಇರಲೇಬೇಕು. ಕಾಯಿ ಕೊಯ್ದ ಫೋಟೋ, ಒಣಗಿಸಿದ ಟೊಂಗೆ ಪ್ರತಿ ಮರದ್ದೂ ಇಡಿ. ಒಬ್ಬರು ಹೇರಳೆ ಅಂದದ್ದನ್ನು ಪಕ್ಕದ ಮನೆಯವರು ಕಂಚಿ ಅನ್ನುತ್ತಾರೆ.

ಇನ್ನೊಂದು, ಒಂದೇ ಮರದ ಬೀಜದಿಂದ ಎದ್ದ ಸಸಿಗಳನ್ನು ಬೇರೆ ಬೇರೆ ಸ್ಯಾಂಪಲ್ ಅಂತ ಸುಮ್ನೆ ಎಣಿಸಬೇಡಿ. ನಿಂಬೆ, ಕಿತ್ತಳೆಗಳ ಬೀಜದಲ್ಲಿ ಜಾಸ್ತಿ ಭ್ರೂಣಗಳು ತಾಯಿಯ ಅಂಗಾಂಶದಿಂದಲೇ ಹುಟ್ಟುತ್ತವೆ. ಅವು ತಾಯಿಯದೇ ನಕಲು. ಮಾದಲ, ಚಕ್ಕೋತಗಳಲ್ಲಿ ಈ ತೊಂದರೆ ಇಲ್ಲ.