ಕಾಸರಗೋಡಿನ ರೋಗಿ ಮಂಗಳೂರಿಗೇ ಯಾಕೆ ಹೋಗುತ್ತಾನೆ?

ಕೇರಳದ ಸರಕಾರಿ ಆಸ್ಪತ್ರೆಗಳಿಗೆ ಅಷ್ಟು ಒಳ್ಳೆಯ ಹೆಸರಿರುವಾಗ ಇಲ್ಲಿನವರು ಯಾಕೆ ಗಡಿ ದಾಟುತ್ತಾರೆ ಎಂದು ಕೇಳಿದ್ದೀರಿ. ಮಂಜೇಶ್ವರದಿಂದ ಮಂಗಳೂರು 20 ಕಿ.ಮೀ. ಆಸುಪಾಸು. ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ನಮ್ಮದೇ ರಾಜ್ಯದ್ದು, ಆದರೆ ಅದರ ನಾಲ್ಕೈದು ಪಟ್ಟು ದೂರ. ಎದೆನೋವಿನವನನ್ನು ಕರೆದುಕೊಂಡು ಮಂಜೇಶ್ವರದವರು ತೆಂಕಕ್ಕೆ ಹೋಗುವುದಿಲ್ಲ.

ಜಿಲ್ಲೆ ಹಿಂದುಳಿದಿದೆ ಎಂಬುದು ಸರಕಾರಕ್ಕೆ ತಿಳಿಯದ ವಿಷಯವಲ್ಲ. ಮುಖ್ಯ ಕಾರ್ಯದರ್ಶಿಯಾಗಿದ್ದ ಪಿ. ಪ್ರಭಾಕರನ್ ಅವರ ಏಕಸದಸ್ಯ ಆಯೋಗ 2012ರಲ್ಲಿ ಕೊಟ್ಟ ವರದಿ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಕೆಲಸಗಳನ್ನು ಪಟ್ಟಿ ಮಾಡಿತ್ತು. ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಹುಟ್ಟಿದ್ದು ಅದರಿಂದಲೇ. ಈ ಜಿಲ್ಲೆಯದೇ ಆದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಬಿತ್ತು, 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಬಂದದ್ದು 2025ರಲ್ಲಿ.

ಕಟ್ಟಡ ಎದ್ದ ಮೇಲೂ ಉಳಿಯುವ ತೊಡಕು ಸಿಬ್ಬಂದಿಯದು. ಈ ಜಿಲ್ಲೆಗೆ ವರ್ಗವಾಗುವುದನ್ನು ತೆಂಕಣ ಜಿಲ್ಲೆಗಳ ನೌಕರರು ಶಿಕ್ಷೆಯೆಂದೇ ಎಣಿಸುತ್ತಾರೆ. ಬಂದವರು ರಜೆ ಹಾಕುತ್ತಾರೆ, ಇಲ್ಲವೇ ‘ವರ್ಕಿಂಗ್ ಅರೇಂಜ್‌ಮೆಂಟ್’ ಮಾಡಿಸಿಕೊಳ್ಳುತ್ತಾರೆ: ಹುದ್ದೆ ಇಲ್ಲಿ, ಕೆಲಸ ಬೇರೆ ಕಡೆ. ಆಗ ಕಡತದಲ್ಲಿ ಹುದ್ದೆ ಭರ್ತಿ, ಹೊರರೋಗಿ ವಿಭಾಗದಲ್ಲಿ (ಒ.ಪಿ.) ಕುರ್ಚಿ ಖಾಲಿ. ಖಾಲಿ ಎಂದು ದಾಖಲಾಗದ ಹುದ್ದೆಗೆ ಹೊಸಬರನ್ನು ನೇಮಿಸಲೂ ಆಗುವುದಿಲ್ಲ. ಆರೋಗ್ಯ ಸುಧಾರಣೆಯ ಬಗ್ಗೆ ಮಾತಾಡುವ ಹಿರಿಯ ಅಧಿಕಾರಿಗಳು ಮೊದಲು ಕೈಹಾಕಬೇಕಾದದ್ದು ಇಲ್ಲಿಗೆ. ಮಂಜೂರಾದ ಹುದ್ದೆಯನ್ನಲ್ಲ, ಆ ದಿನ ಹಾಜರಿದ್ದ ವೈದ್ಯರನ್ನು ಲೆಕ್ಕ ಹಾಕಬೇಕು.

2020ರ ಮಾರ್ಚಿನಲ್ಲಿ, ಕೊರೊನಾ ಹಬ್ಬುವುದನ್ನು ತಡೆಯಲೆಂದು ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಚಿಕಿತ್ಸೆ ಸಿಗದೆ ಜನ ಸತ್ತರು. ಕೇರಳ ಹೈಕೋರ್ಟು ಆದೇಶಿಸಿ, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋದ ಮೇಲೆ, ಕೇರಳದ ವೈದ್ಯರ ಪ್ರಮಾಣಪತ್ರ ಮತ್ತು ಗಡಿಯ ತಲಪಾಡಿಯಲ್ಲಿ ತಪಾಸಣೆ ಎಂಬ ಷರತ್ತಿನಲ್ಲಿ ಆಂಬುಲೆನ್ಸಿಗೆ ದಾರಿ ಸಿಕ್ಕಿತು. ಎರಡು ರಾಜ್ಯಗಳ ಅಧಿಕಾರಿಗಳು ಮೊದಲೇ ಕೂತು ಒಂದು ಪುಟದ ಒಪ್ಪಂದ ಬರೆದಿಟ್ಟಿದ್ದರೆ ಆ ಸಾವುಗಳನ್ನು ತಪ್ಪಿಸಬಹುದಿತ್ತು.

ಇನ್ನು ಚಿಕಿತ್ಸಾ ವೆಚ್ಚದ ಕಾರ್ಡಿನ ವಿಷಯ. ಕೇರಳದ ಕಾರುಣ್ಯ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅದನ್ನು ನಂಬಿ ಮಂಗಳೂರಿಗೆ ಹೊರಡುವ ಮೊದಲು ಮೂರು ವಿಚಾರ ಕೇಳಿಕೊಳ್ಳಿ. ಕುಟುಂಬದ ಹೆಸರು ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿದೆಯೇ, ಬರೀ ರಾಜ್ಯದ ಪಟ್ಟಿಯಲ್ಲೇ? ಆ ಆಸ್ಪತ್ರೆ ಯೋಜನೆಯಲ್ಲಿದೆಯೇ? ಇದ್ದರೂ, ನಿಮಗೆ ಬೇಕಾದ ವಿಭಾಗ ಅದರಲ್ಲಿ ಸೇರಿದೆಯೇ? ಎಡವುವ ಸಾಧ್ಯತೆ ಇರುವುದು ಮೂರನೆಯದರಲ್ಲಿ: ಒಂದೇ ಆಸ್ಪತ್ರೆಯಲ್ಲಿ ಮೂಳೆ ವಿಭಾಗ ಯೋಜನೆಯಲ್ಲಿದ್ದು, ನರರೋಗ ವಿಭಾಗ ಇಲ್ಲದಿರಬಹುದು. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ದಾಖಲಾಗುವ ಮೊದಲೇ ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗುವವರು) ಕಂಡು ಕೇಳಿ. ಬಿಲ್ ಕಟ್ಟಿದ ಮೇಲೆ ಹಣ ವಾಪಸು ಪಡೆಯುವುದು ಬಹಳ ಕಷ್ಟ.