ಉಪ್ಪುನೀರಿಗೆ ಎರಡು ತಂತಿ ಅದ್ದಿ ರೋಧ ಅಳೆದರೆ ಅಂಕಿ ಏರುತ್ತಲೇ ಹೋಗುತ್ತದೆ. ಹೆಚ್ಚು ಬೆಲೆಯ ಮಲ್ಟಿಮೀಟರ್ ಕೊಳ್ಳಲೇ? ಮುಂದೆ ತಂತಿಗಳನ್ನು ಮೈಗೂ ಹಚ್ಚಿ ನೋಡುವ ಆಸೆ ಇದೆ.

ಕೊಳ್ಳಬೇಡಿ. ನಾನು ಕೊಂಡಿದ್ದೆ, ಅದೂ ಅಪ್ಪ ತೊಗರಿ ಮಾರಿ ತಂದ ಹಣದಲ್ಲಿ.

ಆಗ ನನಗೆ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ. ನಮ್ಮೂರು ಜೇವರ್ಗಿ ತಾಲ್ಲೂಕಿನಲ್ಲಿದೆ. ಅಲ್ಲಿ ಒಂದು ಕೊಳವೆಬಾವಿಯ ನೀರು ಸಿಹಿಯಾಗಿದ್ದರೆ ಪಕ್ಕದ ಹೊಲದ್ದು ಸವಳು. ನೀರಿನ ರೋಧ ಅಳೆದು ಸವಳು ಎಷ್ಟೆಂದು ಹೇಳುವ ಸಾಧನ ಮಾಡುತ್ತೇನೆ ಎಂದು ಹೊರಟೆ. ಬಸ್ಸಿನಲ್ಲಿ ಬಾಟಲಿಗಳನ್ನು ಹೊತ್ತು ತಂದು, ಎರಡು ಸ್ಟೀಲ್ ಕಡ್ಡಿ ಅದ್ದಿ, ಮೀಟರನ್ನು ಓಮ್‌ಗೆ ತಿರುಗಿಸಿದರೆ ಅಂಕಿ ಮೂರು ಸಾವಿರದಿಂದ ಶುರುವಾಗಿ ಮೇಲೇರುತ್ತಲೇ ಇತ್ತು. ಮೀಟರ್ ಕೆಟ್ಟಿದೆ ಎಂದುಕೊಂಡೆ. ಹೈದರಾಬಾದಿಗೆ ಹೋಗುತ್ತಿದ್ದ ಗೆಳೆಯನ ಕೈಯಲ್ಲಿ ಹಣ ಕೊಟ್ಟು ಒಳ್ಳೆಯ ಮೀಟರ್ ತರಿಸಿದೆ. ಅದರಲ್ಲೂ ಅಂಕಿ ಏರಿತು, ದಶಮಾಂಶದ ನಂತರ ಒಂದು ಸ್ಥಾನ ಹೆಚ್ಚು ತೋರಿಸುತ್ತಾ.

ಆದರೆ ನನ್ನನ್ನು ಮುಳುಗಿಸಿದ್ದು ಆ ಖರ್ಚಲ್ಲ. ಒಂದು ದಿನ ಕಡ್ಡಿಗಳ ತಂತಿಯನ್ನು ಅದಲುಬದಲು ಮಾಡಿದಾಗ ಬೇರೆಯೇ ಅಂಕಿ ಬಂತು. ಅದೇ ನೀರು, ಅದೇ ಕಡ್ಡಿ! ಅಲ್ಲೇ ನಿಂತು ಯೋಚಿಸಬೇಕಿತ್ತು. ನಾನು ಎರಡನ್ನೂ ಕೂಡಿಸಿ ಅರ್ಧ ಮಾಡಿ, ಸರಾಸರಿ ಎಂದು ಬರೆದುಕೊಂಡೆ. ಎಲ್ಲ ಬಾಟಲಿಗಳಿಗೂ ಹಾಗೆಯೇ ಮಾಡಿ ಚೆಂದದ ಕೋಷ್ಟಕ ತಯಾರಿಸಿದೆ.

ಈ ಸರಾಸರಿಯ ಮೋಸವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಅದು ಅರ್ಧ ಸರಿ. ಎರಡು ಕಡ್ಡಿಗಳ ಲೋಹ ಸ್ವಲ್ಪ ಬೇರೆಯಾಗಿದ್ದರೂ ನೀರಿನೊಂದಿಗೆ ಸೇರಿ ಅವು ಪುಟ್ಟ ಬ್ಯಾಟರಿಯಾಗುತ್ತವೆ. ಮೀಟರ್ ಓಮ್ ಅಳೆಯುವಾಗ ತಾನೇ ಒಂದಿಷ್ಟು ಡಿ.ಸಿ., ಅಂದರೆ ಒಂದೇ ದಿಕ್ಕಿನ ಕರೆಂಟ್ ಹರಿಸಿ ವೋಲ್ಟೇಜ್ ನೋಡುತ್ತದೆ. ಆ ಬ್ಯಾಟರಿಯ ವೋಲ್ಟೇಜ್ ಒಂದು ಸಲ ಅದಕ್ಕೆ ಕೂಡುತ್ತದೆ, ತಂತಿ ತಿರುಗಿಸಿದಾಗ ಕಳೆಯುತ್ತದೆ. ಈ ತಪ್ಪು ಸರಾಸರಿಯಲ್ಲಿ ಹೋಗುತ್ತದೆ. ಹೋಗದ ತಪ್ಪು ಇನ್ನೊಂದಿದೆ. ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನ್, ನೀರಿನಲ್ಲಿ ಹರಿಯುವುದು ಅಯಾನು, ಅಂದರೆ ಕರಗಿದ ಉಪ್ಪಿನ ಚಾರ್ಜ್ ಇರುವ ಕಣ. ಕಡ್ಡಿಯ ಮೈಮೇಲೆ ಒಂದರ ಕೆಲಸ ಮುಗಿದು ಇನ್ನೊಂದರ ಕೆಲಸ ಶುರುವಾಗಬೇಕು. ಡಿ.ಸಿ. ಹರಿದಾಗ ಅಯಾನುಗಳು ಅಲ್ಲಿ ಬಂದು ಪದರವಾಗಿ ಗುಂಪುಗೂಡಿ, ಚಾರ್ಜ್ ಕೂಡಿಡುವ ಕೆಪಾಸಿಟರ್‌ನಂತೆ ಚಾರ್ಜ್ ಆಗುತ್ತಾ ಕರೆಂಟಿಗೆ ಎದುರು ನಿಲ್ಲುತ್ತವೆ. ಇದೇ ಧ್ರುವೀಕರಣ. ಮೀಟರ್ ಇದನ್ನೂ ನೀರಿನ ರೋಧವೆಂದೇ ಓದುತ್ತದೆ. ತಂತಿ ತಿರುಗಿಸಿದರೆ ಕರೆಂಟಿನ ಜೊತೆಗೆ ಈ ಎದುರಾಟವೂ ತಿರುಗುತ್ತದೆ, ಹಾಗಾಗಿ ಎಷ್ಟು ಸರಾಸರಿ ತೆಗೆದರೂ ಅದು ಅಳಿಯುವುದಿಲ್ಲ. ಸಾಲದ್ದಕ್ಕೆ, ಮೊದಲ ಅಳತೆಯ ಚಾರ್ಜ್ ಉಳಿದಿರುವಾಗಲೇ ನಾನು ಎರಡನೆಯದನ್ನು ಓದುತ್ತಿದ್ದೆ.

ಅಂಕಿ ಅಲುಗಾಡದಿರಲಿ ಎಂದು ಕೊನೆಗೆ ಐದು ವೋಲ್ಟ್ ಡಿ.ಸಿ. ಕೊಟ್ಟು ಕಾಯುತ್ತಾ ಕುಳಿತಿದ್ದೆ. ಲ್ಯಾಬ್ ಸಹಾಯಕರು ಹಾದುಹೋಗುವಾಗ ಕಡ್ಡಿಯ ಸುತ್ತ ಎದ್ದ ಗುಳ್ಳೆಗಳನ್ನು ನೋಡಿ, ‘ತಮ್ಮಾ, ನೀರು ಅಳೆಯುತ್ತಿದ್ದೀಯೋ, ಕಾಯಿಸುತ್ತಿದ್ದೀಯೋ?’ ಎಂದರು. ನಾನು ನಕ್ಕು ಸುಮ್ಮನಾದೆ. ನೀರು ಒಡೆದು ಹೈಡ್ರೋಜನ್ ಬರುತ್ತಿತ್ತು, ಇನ್ನೊಂದು ಕಡ್ಡಿ ಕರಗಿ ನೀರು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅಳೆಯಬೇಕಾದ ನೀರನ್ನು ನಾನೇ ಬದಲಾಯಿಸುತ್ತಿದ್ದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಕೋಷ್ಟಕವನ್ನು ನೋಡಲಿಲ್ಲ. ‘ತಂತಿ ತಿರುಗಿಸಪ್ಪ’ ಎಂದರು, ಅಷ್ಟೇ.

ಜರ್ಮನಿಯ ಭೌತವಿಜ್ಞಾನಿ ಕೋಲ್‌ರೌಷ್ 1870ರ ದಶಕದಲ್ಲೇ ಇದಕ್ಕೆ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ ಬಳಸಿದ್ದರು. ನೀವೂ ಒಂದು ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ ಸಾವಿರ ಆವರ್ತನದ ಎ.ಸಿ. ಕೊಡಿ. ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಇದ್ದರೆ ಎರಡು ಪಿನ್‌ಗಳನ್ನು ಸಮಸಮ ಹೊತ್ತು ಅದಲುಬದಲು ಮಾಡಿ, ಪಿನ್ ಮತ್ತು ಕಡ್ಡಿಯ ನಡುವೆ ಒಂದು ರೆಸಿಸ್ಟರ್ ಇಡಿ, ಉಳಿದ ಡಿ.ಸಿ. ತಡೆಯಲು ಧ್ರುವವಿಲ್ಲದ ಕೆಪಾಸಿಟರ್ ಹಾಕಿ. ಕಡ್ಡಿಯ ಮೈಮೇಲಿನ ಅಯಾನುಗಳ ಆ ಪದರ ಬರೀ 20 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಷ್ಟಿದ್ದರೂ ಒಂದು ಕಿಲೋಹರ್ಟ್ಸ್‌ಗೆ ಅದರ ತಡೆ ಬರೀ 8 ಓಮ್, ಸಾವಿರಾರು ಓಮ್‌ಗಳ ಮುಂದೆ ಲೆಕ್ಕಕ್ಕಿಲ್ಲ. ಗಾಢ ಉಪ್ಪುನೀರಾದರೆ ಅದರ ರೋಧವೇ ಕಡಿಮೆ, ಆಗ ನಾಲ್ಕು ಕಡ್ಡಿ ಬೇಕು: ಹೊರಗಿನ ಎರಡರಲ್ಲಿ ಕರೆಂಟ್, ಒಳಗಿನ ಎರಡರಲ್ಲಿ ವೋಲ್ಟೇಜ್ ಮಾತ್ರ. ಒಳಗಿನವುಗಳಲ್ಲಿ ಕರೆಂಟ್ ಹರಿಯುವುದೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಧ್ರುವೀಕರಣದ ಕಾಟ ಅಳತೆಗೆ ಬರುವುದಿಲ್ಲ. ಹೋಲಿಸಿ ನೋಡಲು 0.746 ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿಕೊಳ್ಳಿ. 25 ಡಿಗ್ರಿಯಲ್ಲಿ ಅದರ ವಾಹಕತೆ (ರೋಧದ ತಲೆಕೆಳಗಾದ ಅಳತೆ) ಸೆಂಟಿಮೀಟರ್‌ಗೆ 1413 ಮೈಕ್ರೋಸೀಮೆನ್ಸ್. ಡಿಗ್ರಿಗೆ ಸುಮಾರು ಶೇ 2ರಷ್ಟು ಬದಲಾಗುತ್ತದೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಥರ್ಮಾಮೀಟರ್ ಇಲ್ಲದೆ ಕೂರಬೇಡಿ.

ಮುಂದೆ ಮೈಗೂ ಹಚ್ಚಿ ನೋಡುವ ಆಸೆ ಇದೆ ಎಂದಿದ್ದೀರಿ. ಈಗ ಆಸ್ಪತ್ರೆ ಉಪಕರಣಗಳ ರಿಪೇರಿಯೇ ನನ್ನ ಕೆಲಸ, ಅದಕ್ಕೆ ಹೇಳುತ್ತೇನೆ: ಗೋಡೆಯ ಪ್ಲಗ್‌ಗೆ ಸಿಕ್ಕಿಸಿದ ಯಾವುದನ್ನೂ ಮೈಗೆ ಹಚ್ಚಬೇಡಿ. ಇ.ಸಿ.ಜಿ. ಅಂಟುಪಟ್ಟಿಯಲ್ಲಿ ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡ್ ಇರುವುದು ಚಾರ್ಜ್ ಗುಂಪುಗೂಡದೆ ಸಲೀಸಾಗಿ ದಾಟಲೆಂದೇ. ಇಷ್ಟಾದರೂ ಪೊಟ್ಟಣವನ್ನು ತೆರೆದಿಟ್ಟು ಮನೆಗೆ ಹೋದರೆ ನಮ್ಮ ಬೇಸಿಗೆಯಲ್ಲಿ ಜೆಲ್ ಒಣಗಿ, ಮರುದಿನ ಗೆರೆಗಳು ಕುಣಿಯುತ್ತವೆ. ಆಗಲೂ ಮೊದಲು ಬರುವ ದೂರು ‘ಮಷಿನ್ ಕೆಟ್ಟಿದೆ’ ಎಂದೇ.

ನಾನು ಕೊಂಡ ಮೀಟರಿನಲ್ಲಿ ಅಣ್ಣ ಈಗ ಟ್ರ್ಯಾಕ್ಟರ್ ಬ್ಯಾಟರಿ ನೋಡುತ್ತಾನೆ. ಆ ಕೆಲಸಕ್ಕೆ ಬಹಳ ಒಳ್ಳೆಯ ಮೀಟರ್.