ಚಿಕ್ಕಂದಿನಲ್ಲಿ ಅಮ್ಮನನ್ನು ಕಳೆದುಕೊಂಡವರಿಗೆ, ಗಂಡನೂ ಬಿಟ್ಟುಹೋಗುತ್ತಾನೆ ಎಂಬ ಭಯ ಎಂದಾದರೂ ಹೋಗುತ್ತದೆಯೇ?

ಆರನೇ ವಯಸ್ಸಿಗೆ ಅಮ್ಮ ತೀರಿಕೊಂಡರು, ಅಪ್ಪ ನಿಮ್ಮನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು ಎಂದು ಬರೆದಿದ್ದೀರಿ. ಈಗ ಗಂಡ ಕೆಲಸದ ಮೇಲೆ ನಾಲ್ಕು ದಿನ ಹೊರಗೆ ಹೋದರೂ ಎದೆ ಹೊಡೆದುಕೊಳ್ಳುತ್ತದೆ, ಫೋನ್ ಎತ್ತದಿದ್ದರೆ ಜಗಳವಾಗುತ್ತದೆ. ಒಳ್ಳೆಯ ಮನುಷ್ಯ ಸಿಕ್ಕಿದ್ದರೂ ಯಾಕೆ ಹೀಗೆ, ಇದು ವಾಸಿಯಾಗುತ್ತಾ ಅಂತ ಕೇಳಿದ್ದೀರಿ.

ಆಗುತ್ತದೆ. ಭಯ ಪೂರ್ತಿ ಅಳಿಸಿಹೋಗುವುದಿಲ್ಲ. ಆದರೆ ಅದು ಕುಣಿಸಿದ ಹಾಗೆ ನೀವು ಕುಣಿಯುವುದು ನಿಲ್ಲುತ್ತದೆ.

ನನ್ನ ಅಪ್ಪ ಹೋದಾಗ ನನಗೆ ಏಳು ವರ್ಷ. ಯಾರೂ ನಿಜ ಹೇಳಲಿಲ್ಲ. ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ, ಬರ್ತಾರೆ ಅಂದರು. ಕಾದೆ. ಆಮೇಲೆ ಕೇಳುವುದನ್ನೇ ಬಿಟ್ಟೆ. ಮಗು ಬೇಗ ಹೊಂದಿಕೊಂಡಿತು ಎಂದು ದೊಡ್ಡವರಿಗೆ ಸಮಾಧಾನವಾಯಿತು.

ಈ 'ಹೊಂದಿಕೊಳ್ಳುವುದು' ಏನು ಎಂಬುದನ್ನು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಮತ್ತು ಅವರ ಜೊತೆಗಿದ್ದ ಜೇಮ್ಸ್ ರಾಬರ್ಟ್‌ಸನ್ 1950ರ ಹೊತ್ತಿನಲ್ಲೇ ಗುರುತಿಸಿದ್ದರು. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ಮಕ್ಕಳ ಜೊತೆ ಅಮ್ಮಂದಿರನ್ನು ಇರಲು ಬಿಡುತ್ತಿರಲಿಲ್ಲ. ಮಗು ಮೊದಲು ಅತ್ತು ಕೂಗಾಡುತ್ತದೆ. ಆಮೇಲೆ ಸೊರಗಿ ಸುಮ್ಮನಾಗುತ್ತದೆ. ಕೊನೆಗೆ ಮತ್ತೆ ನಗುತ್ತದೆ, ಆಡುತ್ತದೆ, ಆದರೆ ಅಮ್ಮ ಬಂದರೆ ಮುಖ ತಿರುಗಿಸುತ್ತದೆ. ಇದನ್ನೇ ಎಲ್ಲರೂ ಮಗು ಸರಿಹೋಯಿತು ಅಂದುಕೊಂಡಿದ್ದರು. ಅದು ಸರಿಹೋಗಿರಲಿಲ್ಲ, ಆಸೆ ಬಿಟ್ಟಿತ್ತು.

ಇದನ್ನು ಓದಿದಾಗ ನನ್ನ ಮದುವೆ ನನಗೆ ಅರ್ಥವಾಯಿತು. ನಾನು ನಿಮ್ಮ ಹಾಗೆ ಜಗಳ ಮಾಡುವವನಲ್ಲ. ಹೆಂಡತಿ ಹೊರಡುವ ಹಿಂದಿನ ದಿನವೇ ಒಳಗೆ ತಣ್ಣಗಾಗುತ್ತಿದ್ದೆ. ಅವಳು ವಾಪಸ್ ಬಂದರೆ ಮಾತೇ ಬರುತ್ತಿರಲಿಲ್ಲ. ನೀವು ಅಂಟಿಕೊಳ್ಳುತ್ತೀರಿ, ನಾನು ದೂರ ಸರಿಯುತ್ತೇನೆ, ಭಯ ಮಾತ್ರ ಒಂದೇ. ಮಗು ಮತ್ತು ತಾಯಿಯ ನಂಟು ನಡೆಯುವ ರೀತಿಯಲ್ಲೇ ದೊಡ್ಡವರ ಪ್ರೀತಿಯೂ ನಡೆಯುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸಿಂಡಿ ಹಜಾನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಬರೆದರು. ಹಾಗಾಗಿ ಗಂಡ ಬಾಗಿಲು ದಾಟಿದರೆ ನಿಮ್ಮ ಮೈ ಹಳೆಯ ದಿನಕ್ಕೆ ಹೋಗುವುದರಲ್ಲಿ ವಿಚಿತ್ರವೇನೂ ಇಲ್ಲ.

ನನಗೆ ನಿಜವಾಗಿ ನೆರವಾದದ್ದು ಅಪ್ಪನಿಗಾಗಿ ಅಳುವುದು. ಅಷ್ಟು ವರ್ಷವಾದ ಮೇಲೆ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕೇಳಲಿ. ನಾನು ಅಮ್ಮನ ಹತ್ತಿರ ಕೂತು ಎಲ್ಲವನ್ನೂ ಹೇಳಿಸಿಕೊಂಡೆ. ಕಾಯಿಲೆ ಏನು, ಕೊನೆಯ ದಿನ ಯಾರಿದ್ದರು, ನನ್ನನ್ನು ಎಲ್ಲಿಗೆ ಕಳಿಸಿದ್ದರು. ಆಮೇಲೆ ಅದನ್ನೇ ಕೌನ್ಸೆಲರ್ ಮುಂದೆ ಹೇಳಿದೆ. ಮೊದಮೊದಲು ಮಾತು ತುಂಡು ತುಂಡಾಗಿ ಬರುತ್ತಿತ್ತು. ನಿಧಾನವಾಗಿ ಅದಕ್ಕೊಂದು ಹಿಂದು ಮುಂದು ಬಂತು. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಮೇನ್ ಮತ್ತು ಅವರ ಜೊತೆಗಾರರು ದೊಡ್ಡವರ ಬಾಯಿಂದ ಅವರವರ ಬಾಲ್ಯದ ಕತೆ ಕೇಳಿದರು. ಏನು ನಡೆಯಿತು ಎನ್ನುವುದಕ್ಕಿಂತ ಅದನ್ನು ಹೇಗೆ ಜೋಡಿಸಿ ಹೇಳುತ್ತಾರೆ ಎನ್ನುವುದು ಜಾಸ್ತಿ ಮುಖ್ಯ ಎಂದು ಕಂಡಿತು. ಕಷ್ಟದ ಬಾಲ್ಯ ಕಂಡವರೂ ನೆಮ್ಮದಿಯ ನಂಟಿಗೆ ಬರಬಲ್ಲರು.

ಈ ದುಃಖಕ್ಕೆ ಬೇರೆ ಜಾಗ ಸಿಗದಿದ್ದರೆ ಅಮ್ಮನ ಸಾಲವನ್ನು ಗಂಡನಿಂದ ವಸೂಲಿ ಮಾಡುವ ಹಾಗಾಗುತ್ತದೆ. ಅವರು ಎಷ್ಟು ಕೊಟ್ಟರೂ ತೀರುವುದಿಲ್ಲ. ಚಿಕ್ಕಮ್ಮನನ್ನು ಕೇಳಿ ನೋಡಿ, ಅವರಿಗೆ ಗೊತ್ತಿರುವುದು ಬಹಳ ಇರಬಹುದು.

ಇನ್ನು ಫೋನ್ ವಿಷಯ. ಹೆಚ್ಚು ಸಲ ಮಾಡಿ ಅಂತ ಕೇಳಬೇಡಿ, ಹೇಳಿದ ಹೊತ್ತಿಗೆ ಮಾಡಿ ಅಂತ ಕೇಳಿ. ರಾತ್ರಿ ಒಂಬತ್ತು ಎಂದರೆ ಒಂಬತ್ತು. ಹೇಳಿದ ಹಾಗೆ ಫೋನ್ ಬರುತ್ತದೆ ಎಂಬುದು ಮತ್ತೆ ಮತ್ತೆ ನಿಜವಾದಾಗ ಮೈ ತಾನಾಗಿ ಕಲಿಯುತ್ತದೆ. ಈ ಮಾತನ್ನು ಅವರು ಹೊರಡುವ ಗಡಿಬಿಡಿಯಲ್ಲಿ ಆಡಬೇಡಿ, ಇಬ್ಬರೂ ಆರಾಮಾಗಿರುವಾಗ ಆಡಿ. ಮೊದಲು ನಿನ್ನನ್ನು ನೀನು ಪ್ರೀತಿಸು, ಆಮೇಲೆ ಎಲ್ಲ ಸರಿಹೋಗುತ್ತದೆ ಎನ್ನುವ ಉಪದೇಶವನ್ನು ನಾನು ಒಪ್ಪುವುದಿಲ್ಲ. ಬಿಟ್ಟುಹೋದವರಿಂದ ಆದ ಗಾಯ ಜೊತೆಗಿರುವವರ ನೆರವಿನಿಂದಲೂ ಮಾಯುತ್ತದೆ, ಅಲ್ವಾ?

ಒಂದು ಎಚ್ಚರ. ಗಂಡ ನಿಜವಾಗಿಯೂ ಸುಳ್ಳು ಹೇಳುವವರಾದರೆ, ಬಿಟ್ಟುಹೋಗುತ್ತೇನೆ ಅಂತ ಹೆದರಿಸುವವರಾದರೆ, ಅದು ಹಳೆಯ ಭಯವಲ್ಲ. ಅದನ್ನು ನಿಮ್ಮ ಬಾಲ್ಯದ ಮೇಲೆ ಹಾಕಿಕೊಳ್ಳಬೇಡಿ. ಇನ್ನು ನಿದ್ದೆ, ಊಟ ಕೆಟ್ಟು ವಾರಗಟ್ಟಲೆ ಆಗಿದ್ದರೆ ಮನೋವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನಿಸಿದರೆ ಅದೇ ದಿನ ಯಾರಿಗಾದರೂ ಹೇಳಿ, ಆಸ್ಪತ್ರೆಗೆ ಹೋಗಿ.

ಮಕ್ಕಳಿದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ಮಗುವಿಗೆ ಆರು ತುಂಬುವ ವರ್ಷ ನಿಮಗೆ ಕಾರಣವಿಲ್ಲದೆ ಕಷ್ಟವಾಗಬಹುದು. ಅಮ್ಮ ತೀರಿಕೊಂಡ ವಯಸ್ಸಿಗೆ ನೀವು ಬಂದಾಗಲೂ ಅಷ್ಟೇ. ಬಹಳ ಜನರಿಗೆ ಹಾಗಾಗುತ್ತದೆ. ನಿಮ್ಮ ಗಂಡನಿಗೆ ಇದನ್ನು ಈಗಲೇ ಹೇಳಿಡಿ.